ನೆರವಿನ ನಿರ್ವಹಣೆ ಕಲಿಸುವ ಕಲಬುರಗಿಯ ಶಿಬಿರ: ಒಂದು ವಿಮರ್ಶೆ

ಸಂಘರ್ಷದಲ್ಲಿ ನೊಂದ ಸಮುದಾಯಗಳು ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವಂತೆ ನೆರವಿನ ಕಾರ್ಯಕ್ರಮಗಳನ್ನು ಹೇಗೆ ನಡೆಸಬೇಕು ಎಂಬ ಬಗ್ಗೆ ಕಲಬುರಗಿಯ ತರಬೇತಿ ಸಂಸ್ಥೆಯೊಂದು ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿಗೆ ವಸತಿಸಹಿತ ಶಿಬಿರ ನಡೆಸುತ್ತದೆ. ಆಳಂದ, ಚಿಂಚೋಳಿ, ಸುರಪುರ, ಔರಾದ ಕಡೆಯಿಂದ ಬಂದ ಕಾರ್ಯಕರ್ತರೊಂದಿಗೆ ನಾನೂ ಅದರಲ್ಲಿ ಪಾಲ್ಗೊಂಡಿದ್ದೆ. ಊಟ, ವಸತಿ ಅಚ್ಚುಕಟ್ಟಾಗಿದ್ದವು. ಶುಲ್ಕ ಮಾತ್ರ ಸಣ್ಣ ಸಂಸ್ಥೆಗಳಿಗೆ ಭಾರವೇ.

ಮೊದಲ ಭಾಗ, ಮಾನವೀಯ ನೆರವಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಕೈಪಿಡಿಯ ಕನಿಷ್ಠ ಮಾನದಂಡಗಳಿಗೆ ಮೀಸಲು: ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಮಂದಿಗೆ ಒಂದು ಶೌಚಾಲಯ, ತಲೆಗೆ 3.5 ಚದರ ಮೀಟರ್ ಸೂರು. ಇವು ತಿಳಿದಿರಲೇಬೇಕು, ಆದರೆ ಓದಿಕೊಂಡು ಬರಬಹುದಾದ ಅಂಕಿಗಳಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ಶಿಬಿರದ ನಿಜವಾದ ಬೆಲೆ ಇರುವುದು ಕೊಳವೆಬಾವಿಯ ಅಭ್ಯಾಸದಲ್ಲಿ. ದನಗಾಹಿಗಳಿಗೂ ರೈತರಿಗೂ ನೀರಿಗಾಗಿ ಹೊಡೆದಾಟವಾದ, ದಕ್ಷಿಣ ಸುಡಾನ್‌ನ ಮಾದರಿಯಲ್ಲಿ ಕಲ್ಪಿಸಿದ ಒಂದು ಊರಿನ ನಕ್ಷೆಯನ್ನು ನಮ್ಮ ಮುಂದಿಟ್ಟು, ಬಾವಿಯನ್ನು ಎಲ್ಲಿ ಕೊರೆಸುತ್ತೀರಿ ಎಂದು ಕೇಳಿದರು. ನಮ್ಮ ಗುಂಪು ಅಂತರ್ಜಲ ಚೆನ್ನಾಗಿದ್ದ ಊರ ಮುಖ್ಯಸ್ಥನ ಹೊಲವನ್ನೇ ಆರಿಸಿತು. ಆಗ ಸುರಪುರದ ಕಾರ್ಯಕರ್ತೆಯೊಬ್ಬರು ನಾರಾಯಣಪುರ ಎಡದಂಡೆ ಕಾಲುವೆಯ ಮಾತೆತ್ತಿ, ನೀರು ಎಷ್ಟೇ ಬಿಟ್ಟರೂ ತೂಬು ಯಾರ ಕೈಯಲ್ಲಿದೆ ಎಂಬುದರ ಮೇಲೆಯೇ ಕೊನೆಯಂಚಿನ ರೈತನ ಬೆಳೆ ನಿಂತಿದೆ ಎಂದರು. ಅಲ್ಲಿಂದ ಚರ್ಚೆಯ ದಿಕ್ಕೇ ಬದಲಾಯಿತು. ಬೀಗದ ಕೈ ಯಾರ ಬಳಿ ಇರಬೇಕು, ಪಂಪು ಕೆಟ್ಟರೆ ರಿಪೇರಿಯ ದುಡ್ಡು ಯಾರು ಕೂಡಿಸಬೇಕು, ದನಗಳಿಗೆ ನೀರು ಕುಡಿಸುವ ಹೊತ್ತು ಹೆಂಗಸರು ಕೊಡ ತುಂಬುವ ಹೊತ್ತಿಗೆ ಅಡ್ಡ ಬಾರದಂತೆ ಹೇಗೆ ಗೊತ್ತುಪಡಿಸಬೇಕು ಎಂಬ ಪ್ರಶ್ನೆಗಳೆದ್ದವು. ಕೊನೆಗೆ ಬಾವಿ ದನಗಾಹಿಗಳೂ ರೈತರೂ ನಡೆದಾಡುವ ದಾರಿಯ ಬದಿಗೆ ಬಂತು. ಅಲ್ಲಿ ನೀರು ಕೊಂಚ ಕಡಿಮೆ, ಆದರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ನೆರವು ಊರೊಳಗಿನ ಬಿರುಕನ್ನು ಹೇಗೆ ಹಿಗ್ಗಿಸಬಲ್ಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಫಲಾನುಭವಿಗಳ ಯಾದಿ ಮಾಡುವ ಪಾಠವೂ ಚೆನ್ನಾಗಿತ್ತು. ಉಗಾಂಡಾದಲ್ಲಿ ನಿರಾಶ್ರಿತರಿಗೆ ಉಳುಮೆಗೆ ತುಂಡು ಭೂಮಿ ಕೊಡುವುದಲ್ಲದೆ, ನೆರವಿನ ಶೇ. 30ರಷ್ಟು ಅವರಿಗೆ ಜಾಗ ಕೊಟ್ಟ ಊರಿನವರಿಗೂ ಸಲ್ಲಬೇಕೆಂಬ ನಿಯಮವನ್ನು ಉದಾಹರಿಸಿದರು. ನೆಲೆ ಕೊಟ್ಟವರೂ ಬಡವರೇ ಆಗಿರುವಾಗ ಇದು ನ್ಯಾಯವೂ ಹೌದು, ಶಾಂತಿಗೆ ಅಗತ್ಯವೂ ಹೌದು. ಆದರೆ ಉದಾಹರಣೆಗಳೆಲ್ಲ ಆಫ್ರಿಕಾ, ಪಶ್ಚಿಮ ಏಷ್ಯಾದವೇ ಆಗಿದ್ದವು. 2023ರ ಮೇ ತಿಂಗಳ ಹಿಂಸಾಚಾರದ ನಂತರ ಸಾವಿರಾರು ಜನ ಪರಿಹಾರ ಶಿಬಿರಗಳಲ್ಲಿ ಬದುಕಬೇಕಾಗಿ ಬಂದ ಮಣಿಪುರದ ಬಗ್ಗೆ ಒಂದು ಅವಧಿಯೂ ಇರಲಿಲ್ಲ ಎಂಬುದು ನನಗೆ ಬೇಸರ ತಂದಿತು.

ದೊಡ್ಡ ಕೊರತೆ ಹಣದ ವಿಷಯದಲ್ಲಿದೆ. ಮಾನವೀಯ ನೆರವಿನ ಕನಿಷ್ಠ ಶೇ. 25ರಷ್ಟು ಹಣ ಸ್ಥಳೀಯ ಹಾಗೂ ದೇಶೀಯ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ತಲುಪಬೇಕೆಂಬ ದಾನಿ ದೇಶಗಳು ಮತ್ತು ನೆರವು ಸಂಸ್ಥೆಗಳ ನಡುವಿನ 2016ರ ಗ್ರ್ಯಾಂಡ್ ಬಾರ್ಗೇನ್ ಒಪ್ಪಂದವನ್ನು ತರಬೇತುದಾರರು ಉತ್ಸಾಹದಿಂದ ವಿವರಿಸಿದರು. ಆದರೆ ನಮ್ಮಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೇ ನಿಷೇಧಿಸಿದೆ, ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿದೆ. ಊರವರ ಸಮಿತಿಯನ್ನು ಬೆಳೆಸಲು ವರ್ಷಗಟ್ಟಲೆ ಓಡಾಡುವ ಕಾರ್ಯಕರ್ತರ ಸಂಬಳವನ್ನು ಯಾವ ಲೆಕ್ಕದಲ್ಲಿ ತೋರಿಸಬೇಕು, ಒಂದೇ ವರ್ಷದ ಅನುದಾನದಲ್ಲಿ ಅಂಥ ಸಮಿತಿ ಬೇರೂರುವುದು ಹೇಗೆ ಎಂದು ಚಿಂಚೋಳಿಯವರೊಬ್ಬರು ಕೇಳಿದಾಗ ಉತ್ತರ ಸಿಗಲಿಲ್ಲ. ಮಾನದಂಡಗಳ ಪಾಠವನ್ನು ಅರ್ಧಕ್ಕಿಳಿಸಿ, ಈ ಕಾಯ್ದೆ ಬಲ್ಲ ಲೆಕ್ಕಪರಿಶೋಧಕರೊಬ್ಬರನ್ನು ಕರೆಸಿ ಒಂದಿಡೀ ದಿನ ಕೊಡಬೇಕೆಂದು ಅಭಿಪ್ರಾಯ ಪತ್ರದಲ್ಲಿ ಬರೆದು ಬಂದಿದ್ದೇನೆ.