ಹದಿನೇಳರ ಹುಡುಗನಿಗೆ ಉದ್ರಿ ಮಾಲು ಕೊಡುವವರು ಇದನ್ನು ಓದಿ

ಸಗಟು ವ್ಯಾಪಾರದವರೆಲ್ಲ ದಯವಿಟ್ಟು ಓದಿ. ಹುಡುಗ ಎಷ್ಟೇ ಚುರುಕಾಗಿರಲಿ, 18 ತುಂಬಿಲ್ಲ ಅಂದರೆ ಅವನ ಸಹಿಗೆ ಮೂರು ಕಾಸಿನ ಬೆಲೆ ಇಲ್ಲ. ನನ್ನ ಎರಡು ಲಕ್ಷ ಹೀಗೇ ಸಿಕ್ಕಿಹಾಕಿಕೊಂಡಿದೆ.

ನಮ್ಮದು ಇಳಕಲ್ ಸೀರೆಯ ಸಗಟು ಅಂಗಡಿ. ಈ ಹುಡುಗ ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ಮಾರುತ್ತಾನೆ. ವಿಸಿಟಿಂಗ್ ಕಾರ್ಡಿನಲ್ಲಿ ಚಿನ್ನದ ಬಣ್ಣದ ಅಕ್ಷರ, ಹೆಸರಿನ ಕೆಳಗೆ ‘ಪ್ರೊಪ್ರೈಟರ್’. ಮೊದಮೊದಲು ನಗದು ಕೊಟ್ಟ. ಆಮೇಲೆ ಉದ್ರಿ ಕೇಳಿದ. ಅಪ್ಪನೇ ಜೊತೆಗೆ ಬಂದು, ‘ಎಲ್ಲ ಅವನದೇ ಸರ್. ಅವನ ಕಾಲ ಮೇಲೆ ಅವನು ನಿಂತಿದ್ದಾನೆ, ನಾನು ತಲೆ ಹಾಕಲ್ಲ’ ಅಂದರು. ಕರಾರು ಪತ್ರದಲ್ಲಿ ವಯಸ್ಸು 19 ಅಂತ ಹುಡುಗ ತನ್ನ ಕೈಯಾರೆ ಬರೆದ. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು!

ಗಡುವು ಮುಗಿದ ಮೇಲೆ ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಅದೇ ಅಪ್ಪ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ತಂದರು. ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು, ‘ನನ್ನ ಮಗ ಇನ್ನೂ ಮೈನರ್. ಬೇಕಾದ್ರೆ ಕೋರ್ಟಿಗೆ ಹೋಗಿ’ ಅಂದರು. ಜೆರಾಕ್ಸ್ ಮೊದಲೇ ರೆಡಿ ಇತ್ತು. ಅಂದರೆ ಎಲ್ಲ ಗೊತ್ತಿದ್ದೇ ಮಾಡಿದ್ದು, ಅಲ್ವಾ?

‘ವ್ಯವಹಾರ ಅವನದೇ ಅಂದವರು ನೀವೇ ತಾನೆ?’ ಅಂತ ಕೇಳಿದೆ.

‘ಹೌದು, ಅದಕ್ಕೇ ನನ್ನನ್ನು ಕೇಳಬೇಡಿ.’

ಮೈ ಉರಿದುಹೋಯಿತು. ಹೆಂಡತಿ, ಕೆಲಸದ ಹುಡುಗರ ಮುಂದೆ ಏನಂತ ಹೇಳಲಿ?

ವಕೀಲರು ಹೇಳಿದ್ದು ಇಷ್ಟು. 1872ರ ಕರಾರು ಕಾಯ್ದೆ ಪ್ರಕಾರ ಮೈನರ್ ಕರಾರು ಮಾಡುವ ಹಾಗೇ ಇಲ್ಲ. ಅಂಥ ಕರಾರು ಮೊದಲಿನಿಂದಲೇ ರದ್ದು ಅಂತ 1903ರಲ್ಲೇ ಮೊಹೊರಿ ಬೀಬಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮಗಿದ್ದ ಎಲ್ಲಕ್ಕಿಂತ ಮೇಲಿನ ಕೋರ್ಟು) ಹೇಳಿದೆ. ವಯಸ್ಸು ಸುಳ್ಳು ಹೇಳಿದ್ದರೂ ಕರಾರು ನಿಲ್ಲಲ್ಲ. 18 ಆದ ಮೇಲೆ ಹಳೇ ಸಾಲ ಒಪ್ಪಿಸಿ ಸಹಿ ಹಾಕಿಸಿಕೊಂಡರೂ ನಡೆಯಲ್ಲವಂತೆ. ಫ್ರಾನ್ಸ್‌ನಲ್ಲಿ 16 ತುಂಬಿದವರನ್ನು ಜಡ್ಜ್ ಅಪ್ಪ ಅಮ್ಮನ ಹಿಡಿತದಿಂದ ಬಿಡಿಸಿ, ವ್ಯಾಪಾರಕ್ಕೂ ಅನುಮತಿ ಕೊಡಬಹುದು. ನಮ್ಮಲ್ಲಿ ಅಂಥ ದಾರಿಯೇ ಇಲ್ಲ. ‘ಅವನ ಕಾಲ ಮೇಲೆ ನಿಂತಿದ್ದಾನೆ’ ಅನ್ನೋದು ಬರೀ ಬಾಯಿಮಾತು.

ಅಂಕಪಟ್ಟಿ ನೋಡದೆ ಒಂದು ಸೀರೆಯನ್ನೂ ಉದ್ರಿ ಕೊಡಬೇಡಿ. ಬಿಲ್ಲು ಅಪ್ಪನ ಹೆಸರಿಗೇ ಇರಲಿ, ಕೊಳ್ಳುವವರು ಅಂತ ಅವರೇ ಸಹಿ ಹಾಕಲಿ. ತಲೆ ಹಾಕಲ್ಲ ಅನ್ನುವ ಅಪ್ಪನಿಗೆ ಮಾಲೇ ಕೊಡಬೇಡಿ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಸೆಕ್ಷನ್ ಒಂದು ಉಳಿದಿದೆ. ಮೈನರ್‌ಗೆ ಎಷ್ಟು ಲಾಭ ಆಗಿದೆಯೋ ಅಷ್ಟನ್ನು ಕೋರ್ಟು ವಾಪಸ್ ಕೊಡಿಸಬಹುದು. ಹುಡುಗ ಮೊನ್ನೆಯೂ ಲೈವ್‌ನಲ್ಲಿ ನನ್ನದೇ ಸೀರೆಯ ಸೆರಗು ಬಿಡಿಸಿ ತೋರಿಸುತ್ತಿದ್ದ. ಆ ವಿಡಿಯೋ ಸೇವ್ ಮಾಡಿ ವಕೀಲರಿಗೆ ಕೊಟ್ಟಿದ್ದೇನೆ.