ವಿಯೆಟ್ನಾಂ–ಕಾಂಬೋಡಿಯ ಗ್ರೂಪ್ ಟೂರ್: ‘ಫುಲ್ ಡೇ ಅಂಗ್ಕೋರ್’ ಅಂದ್ರೆ ನಂಬಿ ದುಡ್ಡು ಕಟ್ಟಬೇಡಿ

ಬ್ರೋಷರಿನ ಮುಖಪುಟದಲ್ಲೇ ಕಾಂಬೋಡಿಯದ ಅಂಗ್ಕೋರ್ ವಾಟ್ ಗುಡಿಯ ಸಮುದ್ರಮಥನ ಉಬ್ಬುಶಿಲ್ಪದ ಫೋಟೋ. ಬೆಂಗಳೂರಿಂದ ಹೋದ 24 ಜನರಲ್ಲಿ ಆ ಸಮುದ್ರಮಥನವನ್ನು ಕಣ್ಣಾರೆ ನೋಡಿದವರು ಎಷ್ಟು ಗೊತ್ತಾ? ಸೊನ್ನೆ. ಒಬ್ಬರೂ ಇಲ್ಲ.

ಐಟಿನರಿಯಲ್ಲಿ ಐದನೇ ದಿನ ‘ಫುಲ್ ಡೇ ಅಂಗ್ಕೋರ್’ ಅಂತ ದಪ್ಪಕ್ಷರದಲ್ಲಿತ್ತು, ಅಂದರೆ ಅಲ್ಲಿನ ಹಳೇ ಗುಡಿಗಳಿಗೇ ಇಡೀ ದಿನ. ಆ ಫುಲ್ ಡೇ ಹೇಗೆ ಕರಗಿತು ನೋಡಿ. ಹೋಟೆಲ್ ಬಿಟ್ಟಿದ್ದೇ 9.30ಕ್ಕೆ. ಆಮೇಲೆ ಟಿಕೆಟ್ ಕೌಂಟರಿನಲ್ಲಿ ಮುಕ್ಕಾಲು ಗಂಟೆ, ಯಾಕೆಂದರೆ ಪಾಸಿನ ಮೇಲೆ ಪ್ರತಿಯೊಬ್ಬರ ಫೋಟೋ ಬರಬೇಕು, ಎಲ್ಲರೂ ಸಾಲಲ್ಲಿ ನಿಲ್ಲಬೇಕು. (ಆನ್‌ಲೈನಲ್ಲೇ ತಗೊಂಡಿದ್ದರೆ ಈ ಸಾಲೇ ಬೇಕಿರಲಿಲ್ಲ.) ನಂತರ ಗುಡಿಗೆ ಅಂದುಕೊಂಡರೆ ಬಸ್ ನಿಂತಿದ್ದು ಹರಳಿನ ಅಂಗಡಿ ಮುಂದೆ. 1 ಗಂಟೆ 20 ನಿಮಿಷ! ಇಂಡಿಯನ್ ಊಟಕ್ಕೆ ಅಂತ ಮತ್ತೆ ಊರಿಗೆ ವಾಪಸ್. ತಾ ಪ್ರೋಮ್ ಗುಡಿಯಲ್ಲಿ ಮರದ ಬೇರಿನ ಮುಂದೆ ಫೋಟೋ, 35 ನಿಮಿಷ. ಬಯಾನ್ ಗುಡಿ ಇಲ್ಲವೇ ಇಲ್ಲ. ಅದಿರೋದು ಅಂಗ್ಕೋರ್ ಥಾಮ್ ಅನ್ನೋ ಹಳೇ ಕೋಟೆಯೂರಿನ ಒಳಗೆ. ಅದರ ದಕ್ಷಿಣ ದ್ವಾರ ಕಿರಿದು, ದೊಡ್ಡ ಬಸ್ ಹಾಯಲ್ಲ, ಸಣ್ಣ ಗಾಡಿ ಮಾಡಬೇಕು. ಇದು ಅಲ್ಲಿನ ಪ್ರತಿ ಗೈಡಿಗೂ ಗೊತ್ತಿರೋ ವಿಷಯ. ಇವರು ಸಣ್ಣ ಗಾಡಿಯ ಖರ್ಚು ಉಳಿಸಿ, ದ್ವಾರದ ಹೊರಗೇ ನಿಲ್ಲಿಸಿ ‘ಫೋಟೋ ಸ್ಟಾಪ್’ ಅಂದ್ರು.

ಅಂಗ್ಕೋರ್ ವಾಟ್ ತಲುಪಿದಾಗ ಸಂಜೆ 4.20. ಮುಚ್ಚೋದು 5.30ಕ್ಕೆ.

ಜಾಗ ಗೊತ್ತಿದ್ದವರಿಗೆ ಈ ಲೆಕ್ಕ ಅರ್ಥವಾಗುತ್ತೆ. ಕಂದಕವೇ 190 ಮೀಟರ್ ಅಗಲ. ಅದು ದಾಟಿ ಹೊರಗೋಪುರ, ಅಲ್ಲಿಂದ ಮತ್ತೆ ಸುಮಾರು 350 ಮೀಟರ್ ಕಲ್ಲುಹಾದಿ. ಅಷ್ಟು ನಡೆದ ಮೇಲೆ ಉಬ್ಬುಶಿಲ್ಪದ ಮೊಗಸಾಲೆ ಶುರು. ಪಶ್ಚಿಮದಿಂದ ಒಳಗೆ ಹೋಗಿ ಬಲಕ್ಕೆ ತಿರುಗಿದರೆ ಕುರುಕ್ಷೇತ್ರ, ಎಡಕ್ಕೆ ಲಂಕಾಯುದ್ಧ. ಸಮುದ್ರಮಥನ ಇರೋದು ಪೂರ್ವದ ಗೋಡೆಯಲ್ಲಿ, ಅಂದರೆ ಪೂರ್ತಿ ಹಿಂಬದಿ, 49 ಮೀಟರ್ ಉದ್ದ. ಕುರುಕ್ಷೇತ್ರದಿಂದ ಹಾಗೇ ಗೋಡೆಗುಂಟ ಹೋದರೆ ಎರಡು ಮೂಲೆ ತಿರುಗಬೇಕು, 300 ಮೀಟರಿಗೂ ಹೆಚ್ಚು. ಗೈಡ್ ನಮ್ಮನ್ನು ಕುರುಕ್ಷೇತ್ರದ ಮುಂದೆ ನಿಲ್ಲಿಸಿ, ಭೀಷ್ಮರ ಶರಶಯ್ಯೆ ತೋರಿಸಿ, ವಾಚ್ ನೋಡಿಕೊಂಡ. ಸಮುದ್ರಮಥನ ಎಲ್ಲಿ ಅಂತ ಕೇಳಿದ್ದಕ್ಕೆ, ಬೆಂಗಳೂರಿಂದ ಜೊತೆಗೆ ಬಂದಿದ್ದ ಟೂರ್ ಮ್ಯಾನೇಜರ್ ಹೇಳಿದ್ದು: “ಅದು ಹಿಂದ್ಗಡೆ ಇದೆ ಸಾರ್, ಎಲ್ಲಾ ಒಂದೇ ಥರ ಇರುತ್ತೆ.”

ಎಲ್ಲಾ ಒಂದೇ ಥರ! ವಿಷ್ಣುವರ್ಧನ ಬೇಲೂರಲ್ಲಿ ಗುಡಿ ಕಟ್ಟಿಸಿದ ಕಾಲದಲ್ಲೇ ಅಲ್ಲಿನ ರಾಜ ಎರಡನೇ ಸೂರ್ಯವರ್ಮ ಅಂಗ್ಕೋರ್ ವಾಟ್ ಕಟ್ಟಿಸಿದ್ದು. ಬೇಲೂರಿಗೆ ಕರ್ಕೊಂಡು ಹೋಗಿ ಮದನಿಕೆಯರನ್ನು ತೋರಿಸದೆ ವಾಪಸ್ ಬಸ್ ಹತ್ತಿಸಿದ ಹಾಗಾಯ್ತು.

ಮೇಲಿನ ಹಂತ, ಬಕಾನ್, ಅದಕ್ಕೂ ಬೀಗ. ಅವತ್ತು ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ, ತಿಂಗಳಿಗೆ ಹೀಗೆ ನಾಲ್ಕು ಬೌದ್ಧ ಪರ್ವದಿನ ಮೇಲೆ ಬಿಡಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ದರೂ ಗೊತ್ತಾಗ್ತಿತ್ತು.

ಇಷ್ಟಾದರೂ ಸಿಟ್ಟು ನುಂಗಿಕೊಂಡಿದ್ವಿ. ಬಸ್ಸಲ್ಲಿ ಮೈಕ್ ಹಿಡಿದು ಟೂರ್ ಮ್ಯಾನೇಜರ್ ಹೇಳಿದ ಮಾತಿಗೆ ತಲೆ ತಿರುಗಿತು: “ನಾಳೆ ಬೆಳಿಗ್ಗೆ ಸನ್‌ರೈಸ್, ಆಪ್ಷನಲ್, ತಲಾ 55 ಡಾಲರ್, ಕ್ಯಾಶ್ ಓನ್ಲಿ.” ಒಂದು ದಿನದ ಪಾಸ್ 37 ಡಾಲರ್, ಅದು ಆ ತಾರೀಖಿಗೆ ಮಾತ್ರ. ಮಾರನೇ ದಿನ ಹೋಗಬೇಕಂದ್ರೆ ಮತ್ತೆ 37. ಎರಡೂ ಸೇರಿ 74. ಮೂರು ದಿನದ ಪಾಸೇ 62! ಮೂರು ದಿನ ಸತತವಾಗಿಯೂ ಇರಬೇಕಿಲ್ಲ. ಇನ್ನೂ ಕೇಳಿ: ಸಂಜೆ ಸುಮಾರು 5ರ ನಂತರ ಕೊಂಡ ಒಂದು ದಿನದ ಪಾಸ್ ಮಾರನೇ ದಿನಕ್ಕೆ ಲೆಕ್ಕ, ಅವತ್ತಿನ ಸಂಜೆಗೆ ಒಳಗೆ ಬಿಡೋದು ಪುಕ್ಕಟೆ. ಹಿಂದಿನ ದಿನ 4 ಗಂಟೆಗೇ ಹೋಟೆಲಲ್ಲಿ ಇದ್ವಿ. ಅವತ್ತೇ ಪಾಸ್ ಮಾಡಿಸಿ, ಬೆಳಿಗ್ಗೆ 5ಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿದ್ದರೆ ಅದೇ 37ರಲ್ಲಿ ಸೂರ್ಯೋದಯವೂ ಆಗ್ತಿತ್ತು, ಸಮುದ್ರಮಥನವೂ ಆಗ್ತಿತ್ತು. ಬೇಕಂತಲೇ ಮಾಡಿಲ್ಲ. ಬೇಕಂತಲೇ! 11 ಜನ 55 ಕೊಟ್ಟರು. ಅವರನ್ನೂ ಸೂರ್ಯೋದಯ ನೋಡೋ ಕೊಳದ ದಂಡೆಯಿಂದಲೇ ತಿಂಡಿಗೆ ವಾಪಸ್ ಕರೆತಂದರು.

ವಾಪಸ್ ಬಂದು ಆಫೀಸಿಗೆ ಬರೆದರೆ ಬಂದ ಉತ್ತರ: “ಸರ್, ಐಟಿನರಿಯಲ್ಲಿ ವಿಸಿಟ್ ಅಂತಿದೆ, ಡೀಟೇಲ್ಡ್ ವಿಸಿಟ್ ಅಂತಿಲ್ಲ.” ಮುಖಪುಟದ ಫೋಟೋ? “ಅದು ರೆಪ್ರೆಸೆಂಟೇಶನ್‌ಗೆ ಮಾತ್ರ.” ಕೊನೆಗೆ ದೊಡ್ಡ ಮನಸ್ಸು ಮಾಡಿ ಮುಂದಿನ ಟೂರಿಗೆ 3,000 ರೂಪಾಯಿ ಕೂಪನ್. ಮುಂದಿನ ಟೂರಂತೆ!

ವೀಸಾ ವಿಷಯದಲ್ಲೂ ಇದೇ ಕಥೆ. ರೂಟ್ ಹನೋಯ್, ಸಿಯೆಮ್ ರೀಪ್ (ಅಂಗ್ಕೋರ್ ಪಕ್ಕದ ಊರು), ಮತ್ತೆ ಹೋ ಚಿ ಮಿನ್ ಸಿಟಿ. ಅಂದರೆ ವಿಯೆಟ್ನಾಂಗೆ ಎರಡು ಸಲ ಪ್ರವೇಶ, ಬೇಕಾದ್ದು 50 ಡಾಲರಿನ ಮಲ್ಟಿಪಲ್ ಎಂಟ್ರಿ. ಕೊಟೇಶನ್ ಕಡಿಮೆ ಕಾಣಲಿ ಅಂತ 25ರ ಸಿಂಗಲ್ ಎಂಟ್ರಿ ಮಾಡಿಸಿ, ಹೊರಡೋಕೆ ಒಂದು ವಾರ ಇದ್ದಾಗ ಮತ್ತೆ 50 ವಸೂಲಿ. ಮೊದಲಿನ 25 ಹೋಯ್ತು, ಆ ಶುಲ್ಕ ಯಾರಿಗೂ ವಾಪಸ್ ಬರಲ್ಲ.

ಬುಕ್ ಮಾಡೋರು ಪಾಸ್ ಎಷ್ಟು ದಿನದ್ದು, ಪ್ರತಿ ಗುಡಿಯಲ್ಲಿ ಎಷ್ಟು ನಿಮಿಷ, ಒಳಗೋ ಹೊರಗೋ, ಎಷ್ಟು ಅಂಗಡಿ ಅನ್ನೋದನ್ನ ಇಮೇಲಲ್ಲಿ ಬರೆಸಿಕೊಳ್ಳಿ. ಫೋನಲ್ಲಿ “ಎಲ್ಲಾ ಕವರ್ ಆಗುತ್ತೆ ಸಾರ್” ಅಂದ್ರೆ ಅಲ್ಲೇ ಕಟ್ ಮಾಡಿ. ಟಿಸಿಎಸ್ (ವಿದೇಶಿ ಟೂರಿನ ಮೇಲೆ ಟೂರ್ ಕಂಪನಿ ಹಿಡಿಯೋ ತೆರಿಗೆ) ಅಂತ ಹಿಡಿದ ದುಡ್ಡು ನಿಮ್ಮ ಪ್ಯಾನ್ ಹೆಸರಲ್ಲಿ 26ಎಎಸ್‌ಗೆ (ಆದಾಯ ತೆರಿಗೆ ಇಲಾಖೆಯ ತೆರಿಗೆ ಲೆಕ್ಕದ ಪಟ್ಟಿ) ಬಂತಾ ಅಂತಲೂ ನೋಡಿ, ರಿಟರ್ನ್ಸ್‌ನಲ್ಲಿ ಅದು ನಿಮಗೆ ಸಲ್ಲಬೇಕಾದ ದುಡ್ಡು. ನಮ್ಮದು ಐದು ತಿಂಗಳಾದರೂ ಬಂದಿಲ್ಲ. ಕೇಳಿದರೆ ಅಕೌಂಟ್ಸ್ ಮೇಡಂ ರಜೆಯಲ್ಲಿದ್ದಾರಂತೆ.