ಓಂ ಬೀಚಿಗೆ ಹೋಗುವವರೇ, ದಾರಿಯಲ್ಲಿ ಸೀಟಿ ಊದುವವನಿಗೆ ದುಡ್ಡು ಕೊಡಬೇಡಿ

ಗೋಕರ್ಣದ ಓಂ ಬೀಚಿಗೆ ಕಾರಲ್ಲಿ ಹೋಗುವವರು ದಯವಿಟ್ಟು ಇದನ್ನು ಓದಿ. ದಾರಿಯಲ್ಲಿ ಯಾರಾದರೂ ಅಡ್ಡ ಬಂದು "ಮುಂದೆ ಪಾರ್ಕಿಂಗ್ ಫುಲ್" ಅಂದರೆ ನಿಲ್ಲಿಸಬೇಡಿ. ನಿಲ್ಲಿಸಲೇಬೇಡಿ. ರಸ್ತೆ ಮುಗಿಯುವ ತನಕ ಹೋಗಿ ಕಣ್ಣಾರೆ ನೋಡಿ. ನಾನು ನೋಡಲಿಲ್ಲ. 500 ರೂಪಾಯಿ ಹೋಯಿತು, ಮಕ್ಕಳ ಎದುರು ಮರ್ಯಾದೆಯೂ ಹೋಯಿತು.

ಜನವರಿಯ ಒಂದು ಶನಿವಾರ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಕ್ಕನ ಮಗ. ಹುಬ್ಬಳ್ಳಿಯಿಂದ ನಸುಕಿನ ಮೂರೂವರೆಗೆ ಹೊರಟು, ಯಲ್ಲಾಪುರದಲ್ಲಿ ಚಹಾ ಕುಡಿದು, ಅರಬೈಲು ಘಟ್ಟ ಇಳಿದು, ಅಂಕೋಲಾ ದಾಟಿ ಮಾದನಗೇರಿ ಕ್ರಾಸಿನಲ್ಲಿ ಬಲಕ್ಕೆ ತಿರುಗಿ ಏಳೂವರೆಗೆಲ್ಲ ಗೋಕರ್ಣದಲ್ಲಿದ್ದೆವು. ಕಾರನ್ನು ಓಂ ಬೀಚಿನ ಮೇಲ್ಗಡೆ, ರಸ್ತೆ ಮುಗಿಯುವಲ್ಲಿ ನಿಲ್ಲಿಸಿ, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಬೀಚಿನ ತನಕ ಗುಡ್ಡದ ಹಾದಿಯಲ್ಲಿ ನಡೆದು, ವಾಪಸ್ ದೋಣಿಯಲ್ಲಿ ಬರುವುದು ಅಂತ ಲೆಕ್ಕ. ಒಂದು ವಾರದಿಂದ ಮಕ್ಕಳಿಗೆ ಇದನ್ನೇ ಹೇಳುತ್ತಿದ್ದೆ.

ಊರು ದಾಟಿ ಗುಡ್ಡ ಹತ್ತಿದ ಮೇಲೆ, ಬೀಚಿಗೆ ಇನ್ನೂ ಒಂದೂವರೆ ಕಿಲೋಮೀಟರ್ ಇರುವಾಗ ಒಬ್ಬ ಸೀಟಿ ಊದಿದ. ಖಾಕಿ ಅಂಗಿ, ಕೈಯಲ್ಲಿ ರಸೀದಿ ಪುಸ್ತಕ. ರಸ್ತೆ ಪಕ್ಕದ ಬಯಲಿಗೆ ಹಸಿರು ನೈಲಾನ್ ಹಗ್ಗ ಕಟ್ಟಿದ್ದ. ಒಳಗೆ ಆಗಲೇ ನಾಲ್ಕೈದು ಕಾರು ನಿಂತಿದ್ದವು. ಆ ಕಾರುಗಳನ್ನು ನೋಡಿಯೇ ನಾನು ನಂಬಿದ್ದು.

"ಮುಂದೆ ಫುಲ್ ಸರ್. ಹೋದ್ರೆ ತಿರುಗಿಸೋಕೂ ಜಾಗ ಇಲ್ಲ. ಇಲ್ಲೇ ಹಾಕಿ, ಸಂಜೆ ತನಕ 200."

ಅಕ್ಕನ ಮಗ ಹಿಂದಿನ ಸೀಟಿನಿಂದ "ಮಾಮಾ, ಇಷ್ಟ್ ಮುಂಜಾನೆ ಹೆಂಗ್ ಫುಲ್ ಆಗ್ತೇತಿ?" ಅಂದ. ಸರಿಯಾದ ಪ್ರಶ್ನೆ. ನಾನು "ಶನಿವಾರ ಐತಲ್ಲೋ, ಸುಮ್ನಿರು" ಅಂತ ಅವನ ಬಾಯಿ ಮುಚ್ಚಿಸಿದೆ. 200 ಕೊಟ್ಟೆ, ನಗದು. ಫೋನ್‌ಪೇ ಕೇಳಿದ್ದಕ್ಕೆ "ಇಲ್ಲಿ ನೆಟ್‌ವರ್ಕ್ ಇಲ್ಲ ಸರ್" ಅಂದ. ನನ್ನ ಮೊಬೈಲಿನಲ್ಲಿ ನೆಟ್‌ವರ್ಕ್ ಇತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹಳದಿ ಚೀಟಿ ಹರಿದು ಕೊಟ್ಟ, ಮಡಚಿ ಜೇಬಿಗೆ ಹಾಕಿಕೊಂಡೆ. ಓದಲಿಲ್ಲ.

ಒಂದೂವರೆ ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಚೀಲ ಹೊತ್ತು ನಡೆದೆವು. ಚಿಕ್ಕವಳಿಗೆ ಆರು ವರ್ಷ. ನಮ್ಮ ಪಕ್ಕದಲ್ಲೇ ಕಾರುಗಳು ಒಂದಾದ ಮೇಲೊಂದು ಹೋಗುತ್ತಿದ್ದವು, ಒಂದೂ ತಿರುಗಿ ಬರಲಿಲ್ಲ. ಹೆಂಡತಿ ಅದನ್ನು ನೋಡಿದಳು, ಏನೂ ಅನ್ನಲಿಲ್ಲ.

ರಸ್ತೆ ಮುಗಿಯುವಲ್ಲಿ, ಮೆಟ್ಟಿಲು ಶುರುವಾಗುವ ಮೊದಲು, ಪಾರ್ಕಿಂಗ್ ಜಾಗ. ಅರ್ಧಕ್ಕರ್ಧ ಖಾಲಿ! ಮರದ ನೆರಳಲ್ಲೇ ಜಾಗ ಇತ್ತು. ನಾನು ಅಲ್ಲೇ ನಿಂತುಬಿಟ್ಟೆ. ಮಗಳು "ಪಪ್ಪಾ, ಫುಲ್ ಅಂದ್ರಲ್ಲ?" ಅಂತ ಕೇಳಿದಳು. ಸುಳ್ಳು ಹೇಳಿದ್ದು ಅವನು, ಉತ್ತರ ಇಲ್ಲದೆ ನಿಂತವನು ನಾನು. ಲಿಂಬು ಸೋಡಾ ಮಾರುವ ಅಮ್ಮ ನಮ್ಮ ಮುಖ ನೋಡಿಯೇ ಕೇಳಿದರು: "ಮೇಲೆ ದುಡ್ಡು ಕೊಟ್ಟು ನಡ್ಕಂಡು ಬಂದ್ರಾ?" ಅಂದರೆ ನಾವೇ ಮೊದಲಿನವರಲ್ಲ. ವಾಪಸ್ ಹೋಗಿ ಕಾರು ತರಬೇಕಿತ್ತು. ಬಿಸಿಲೇರುತ್ತಿದೆ, ಆದದ್ದಾಯಿತು ಅಂತ ಮುಂದೆ ನಡೆದೆ. ಅದು ಎರಡನೇ ತಪ್ಪು.

ನಡಿಗೆ ಮಾತ್ರ ಸುಂದರ, ಅದಕ್ಕೆ ಕೊಂಕು ಹೇಳಲಾರೆ. ಓಂನಿಂದ ಹಾಫ್ ಮೂನ್‌ಗೆ ಅರ್ಧ ಗಂಟೆ, ಅಲ್ಲಿಂದ ಪ್ಯಾರಡೈಸ್‌ಗೆ ಹೆಚ್ಚುಕಮ್ಮಿ ಅಷ್ಟೇ; ಮಕ್ಕಳಿದ್ದರೆ ಇನ್ನೂ ಹೊತ್ತು ಬೇಕು. ಎರಡನೆಯ ತುಂಡಿನಲ್ಲಿ ಬಂಡೆ ಜಾಸ್ತಿ, ಹಾದಿ ಕವಲೊಡೆಯುತ್ತದೆ, ಜಾರುವ ಚಪ್ಪಲಿ ಬೇಡವೇ ಬೇಡ. ಕೆಳಗೆ ಬಂಡೆಗೆ ಅಲೆ ಬಡಿಯುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ದೋಣಿಯವನ ಹತ್ತಿರ ಹತ್ತುವ ಮೊದಲೇ ರೇಟು ಮಾತಾಡಿಕೊಂಡಿದ್ದೆ, ಅವನು ಆಡಿದ ಮಾತಿನಂತೆ ನಡೆದುಕೊಂಡ.

ಕತ್ತಲಾಗುವಷ್ಟರಲ್ಲಿ ಮತ್ತೆ ಆ ಒಂದೂವರೆ ಕಿಲೋಮೀಟರ್ ನಡೆದು ಕಾರಿನ ಹತ್ತಿರ ಬಂದೆವು. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಖಾಕಿ ಅಂಗಿಯವ ಇಲ್ಲ. ಬೇರೊಬ್ಬ ಕೂತಿದ್ದ. ಹಗ್ಗ ಬಿಚ್ಚಲಿಲ್ಲ.

"500 ಆಯ್ತು."

"ಮುಂಜಾನೇನ ಕೊಟ್ಟೇವಲ್ರೀ."

"ಯಾರ ಕೈಲಿ ಕೊಟ್ರಿ?"

ಖಾಕಿ ಅಂಗಿ, ಸೀಟಿ, ಎಲ್ಲ ಹೇಳಿದೆ. "ಹಂಗಿದ್ದವ ಯಾರೂ ನಮ್ಮಲ್ಲಿ ಇಲ್ರಾ. ಜಾಗ ನಂದು. ನಾನು ಈಗಷ್ಟೇ ಬಂದೆ." ಹಳದಿ ಚೀಟಿ ತೋರಿಸಿದೆ. ಮೊಬೈಲ್ ಬೆಳಕಿನಲ್ಲಿ ಹಿಡಿದು ಹಿಂದೆ ಮುಂದೆ ನೋಡಿ ನನಗೇ ಓದಿಸಿದ: "ಇದ್ರಲ್ಲಿ ಹೆಸರಿಲ್ಲ. ತಾರೀಕಿಲ್ಲ. ನಿಮ್ಮ ಗಾಡಿ ನಂಬರಿಲ್ಲ. ಇದು ರಸೀದಿ ಹೌದಾ, ನೀವೇ ಹೇಳಿ?" ನಿಜ, 'ಪಾರ್ಕಿಂಗ್' ಅಂತ ಒಂದು ಸೀಲು, ಅದರ ಕೆಳಗೆ ಒಂದು ಫೋನ್ ನಂಬರು, ಇಷ್ಟೇ. ಫೋನ್ ಮಾಡೋಣ ಅಂತ ಅಂಕಿ ಒತ್ತುತ್ತ ಹೋದೆ. ಒಂಬತ್ತೇ ಅಂಕಿ ಇದ್ದವು. ಹತ್ತನೆಯದಿಲ್ಲ. ಇಡೀ ದಿನ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದೆ.

"112ಕ್ಕೆ ಫೋನ್ ಮಾಡ್ತೀನಿ" ಅಂದೆ.

"ಮಾಡಿ. ಅವರು ಬರೂ ತನಕ ಗಾಡಿ ಇಲ್ಲೇ ಇರ್ತದೆ."

ಜೋರು ಮಾಡಲಿಲ್ಲ, ಬೈಯಲಿಲ್ಲ. ಅಷ್ಟು ತಣ್ಣಗೆ ಹೇಳಿದ. ಮಕ್ಕಳಿಗೆ ಹಸಿವು, ರಾತ್ರಿ ಘಟ್ಟ ಹತ್ತಬೇಕು. ಚೌಕಾಸಿ ಮಾಡಿ ಮಾಡಿ 300ಕ್ಕೆ ಇಳಿಸಿದೆ. ಇಳಿಸಿದೆ ಅಂತ ಹೇಳಿಕೊಳ್ಳುವುದಕ್ಕೂ ನಾಚಿಕೆ. ಹಗ್ಗ ಬಿಚ್ಚುತ್ತ ಅವನು ಅಂದ: "ಏಳೂವರೆಯಿಂದ ನಿಂತದೆ ಸರ್ ಗಾಡಿ, 300 ಏನ್ ಜಾಸ್ತಿಯಲ್ಲ."

ಅಂಕೋಲಾ ದಾಟಿದ ಮೇಲೆ ಆ ಮಾತು ತಲೆಗೆ ಹೊಕ್ಕಿತು. ಈಗಷ್ಟೇ ಬಂದವನಿಗೆ ನಾನು ಏಳೂವರೆಗೆ ಗಾಡಿ ಹಾಕಿದ್ದು ಹೇಗೆ ಗೊತ್ತು? ನಾನಂತೂ ಹೇಳಿರಲಿಲ್ಲ. ಇಬ್ಬರೂ ಕೂಡಿಯೇ ಮಾಡಿದ್ದು! ಅಲ್ಲಿಯೇ ಕೇಳಬೇಕಿತ್ತು. ಇವತ್ತಿಗೂ ಅದು ಕೊರೆಯುತ್ತಿದೆ.

ಹೋಗುವವರಿಗೆ ಇಷ್ಟೇ ಹೇಳುವುದು. ರಸ್ತೆ ಮುಗಿಯುವ ತನಕ ಗಾಡಿ ಓಡಿಸಿ. ದುಡ್ಡು ಕೊಡುವುದಾದರೆ ಚೀಟಿಯಲ್ಲಿ ಗಾಡಿ ನಂಬರು, ತಾರೀಕು, ಯಾರು ವಸೂಲಿ ಮಾಡುತ್ತಿದ್ದಾರೆ ಅನ್ನೋದು ಇದೆಯಾ ನೋಡಿ; ಇಲ್ಲದಿದ್ದರೆ ಕೊಡಬೇಡಿ. ದುಡ್ಡು ತೆಗೆದುಕೊಂಡವನ ಫೋಟೋ ಅವನ ಎದುರಿಗೇ ತೆಗೆದಿಟ್ಟುಕೊಳ್ಳಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಬರೀ ಪ್ಯಾರಡೈಸ್ ನೋಡಬೇಕು ಅನ್ನುವವರು ಬೇಲೆಕಾನ್ ಕಡೆಯಿಂದಲೂ ನಡೆದು ಹೋಗಬಹುದು, ಮುಂದಿನ ಸಲ ನಾನು ಆ ಕಡೆಯಿಂದಲೇ ಹೋಗುವುದು. ನೀರು ಸಾಕಷ್ಟು ಹೊತ್ತುಕೊಳ್ಳಿ. ಕತ್ತಲಾಗುವ ಮೊದಲು ಗಾಡಿ ಹತ್ತಿರ ಇರಿ, ಕತ್ತಲಾದರೆ ಅವರು ಕೇಳಿದ್ದೇ ರೇಟು.

ಚೀಟಿ ನನ್ನ ಹತ್ತಿರವೇ ಇದೆ. ಇಂಥದೇ ಹಳದಿ ಚೀಟಿ, ಒಂಬತ್ತು ಅಂಕಿಯ ನಂಬರು ಇರುವಂಥದು, ನಿಮಗೂ ಸಿಕ್ಕಿದ್ದರೆ ಹರಿದು ಬಿಸಾಡಬೇಡಿ. ನನಗೆ ತಿಳಿಸಿ, ಸೇರಿ ದೂರು ಕೊಡೋಣ.